ಇಳಕಲ್ಲಿಗೆ ಹೋಗಿ ಬಸ್ತಾ ಕಟ್ಟಿದೆವು

ಹುಡುಗಿಗೆ ಗಂಡು ಗೊತ್ತಾಯಿತು, ಲಗ್ನದ ದಿನ ಇಟ್ಟಾಯಿತು ಎಂದರೆ ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಮುಂದಿನ ಮಾತು ಒಂದೇ: “ಬಸ್ತಾ ಯಾವಾಗ?” ಮದುವೆಯ ಜವಳಿ ಖರೀದಿಗೆ ನಾವು ಬಸ್ತಾ ಕಟ್ಟುವುದು ಎನ್ನುತ್ತೇವೆ. ಎರಡೂ ಕಡೆಯ ಹಿರಿಯರು ಒಳ್ಳೆಯ ದಿನ ನೋಡಿ, ಅಂಗಡಿಯ ಗಾದಿಯ ಮೇಲೆ ಒಟ್ಟಿಗೆ ಕೂತು, ಮದುವಣಗಿತ್ತಿಯ ಸೀರೆಯಿಂದ ಹಿಡಿದು ಆಹೇರಿಯ ಖಣದವರೆಗೆ ಎಲ್ಲವನ್ನೂ ಆರಿಸಿ ಗಂಟು ಕಟ್ಟಿಸುವ ಕೆಲಸ ಇದು. ಎರಡು ಸಲ ಚಹಾ ಬರುತ್ತದೆ. ಸೋದರತ್ತೆಯ ಸೀರೆ ಚಿಗವ್ವನ ಸೀರೆಗಿಂತ ನೂರು ರೂಪಾಯಿ ಕಡಿಮೆಯದಾಯಿತೆಂದು ಒಬ್ಬರ ಮುಖ ಬಾಡುತ್ತದೆ. ಕೊನೆಗೆ ಯಾರೋ ಸಮಾಧಾನ ಹೇಳಿ ಗಂಟು ಕಟ್ಟಿಸುತ್ತಾರೆ. ಈ ಗದ್ದಲದಲ್ಲಿ ಎಷ್ಟೋ ಸಲ ಕೇಳದೆ ಉಳಿಯುವ ಪ್ರಶ್ನೆಯೆಂದರೆ, ಸೀರೆ ಉಡುವ ಹುಡುಗಿಗೆ ಏನು ಬೇಕು ಎಂಬುದು.

ನನ್ನ ಅಕ್ಕನ ಮಗಳ ಮದುವೆಯಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳುವ ಮೊದಲೇ ಅವಳೇ ಉತ್ತರ ಹೇಳಿಬಿಟ್ಟಳು.

“ಚಿಗವ್ವಾ, ಅಕ್ಕಿಕಾಳಿಗೆ ನನಗ ಇಳಕಲ್ಲ ಸೀರಿನ ಬೇಕು. ಆಯಿ ಟ್ರಂಕಿನ್ಯಾಗ ಐತೆಲ್ಲಾ, ಅಂಥಾದ್ದು.”

ಆಯಿ ಎಂದರೆ ನಮ್ಮವ್ವ. ಅವಳು ತೀರಿಹೋಗಿ ಆರು ವರ್ಷವಾಯಿತು. ಅವಳ ಲಗ್ನದ ಸೀರೆ ಇನ್ನೂ ಅಕ್ಕನ ಟ್ರಂಕಿನಲ್ಲಿದೆ. ಮಡಿಕೆಯ ಗುಂಟ ಸೀಳಿದೆ, ಆದರೆ ಸೆರಗಿನ ಕೆಂಪು ಮಾಸಿಲ್ಲ.

ಮನೆಯಲ್ಲಿ ಇದು ಸಣ್ಣ ಮಾತಾಗಲಿಲ್ಲ. ಬೀಗರು ಹುಬ್ಬಳ್ಳಿಯಲ್ಲಿ ಕಂಚಿ ಸೀರೆ ಕೊಡಿಸುವುದಾಗಿ ಮೊದಲೇ ಹೇಳಿದ್ದರು. ಅದನ್ನು ಬೇಡವೆಂದರೆ ಅವರ ಮರ್ಯಾದೆಗೆ ಕುಂದು; ಬೇಕೆಂದರೆ ಹುಡುಗಿಯ ಮನಸ್ಸಿಗೆ ನೋವು. ನಮ್ಮ ಸೋದರತ್ತೆಯಂತೂ, “ಇಳಕಲ್ಲ ಸೀರಿ ಹೊಲಕ್ಕ ಬುತ್ತಿ ಒಯ್ಯೋರು ಉಡೂದವಾ. ಲಗ್ನದಾಗ ಉಟ್ರ ಮಂದಿ ಏನಂದಾರು?” ಎಂದು ಗದರಿದರು. ಮೂರು ದಿನ ಅಕ್ಕನಿಗೆ ನಿದ್ದೆಯಿಲ್ಲ. ಕಡೆಗೆ ಅವಳೇ ಧೈರ್ಯ ಮಾಡಿ ಬೀಗತಿಗೆ ಫೋನು ಹಚ್ಚಿದಳು. ಆ ಕಡೆಯಿಂದ ಬಂದ ಉತ್ತರ ಇಷ್ಟೇ: “ನೋಡೂಣಂತ, ನಾನೂ ಬರತೀನಿ. ಮನಸಿಗೆ ಬರಲಿಲ್ಲಂದ್ರ ಹುಬ್ಬಳ್ಳಿ ಎಲ್ಲಿ ಓಡಿಹೋಗತೈತಿ?”

ಹೀಗೆ ಮಾರ್ಗಶಿರದ ಒಂದು ಬೆಳಿಗ್ಗೆ ಅಕ್ಕ, ಹುಡುಗಿ, ಬೀಗತಿ ಮತ್ತು ನಾನು, ನಾಲ್ವರು ಹೆಂಗಸರು ಗದಗಿನಿಂದ ಬಾಡಿಗೆ ಕಾರು ಮಾಡಿಕೊಂಡು ಗಜೇಂದ್ರಗಡದ ಮೇಲಿಂದ ಇಳಕಲ್ಲಿಗೆ ಹೊರಟೆವು. ಬುತ್ತಿಯಲ್ಲಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ. ದಾರಿಯ ಎರಡೂ ಬದಿಗೆ ಕರಿಮಣ್ಣಿನ ಹೊಲ, ಎದೆಮಟ್ಟ ನಿಂತ ಬಿಳಿಜೋಳ. ತೆನೆ ಆಗತಾನೇ ಹೊರಬೀಳುತ್ತಿತ್ತು. ಕಾರಿನಲ್ಲಿ ಮಾತು ಕಡಿಮೆ. ಬೀಗತಿ ಕಿಟಕಿಯಾಚೆ ನೋಡುತ್ತಿದ್ದರು, ಅಕ್ಕ ಅವರ ಮುಖ ನೋಡುತ್ತಿದ್ದಳು.

ಕಲ್ಲಿನ ಊರು, ನೂಲಿನ ಊರು

ಇಳಕಲ್ ಬಾಗಲಕೋಟೆ ಜಿಲ್ಲೆಯ ಊರು. ಸೊಲ್ಲಾಪುರದಿಂದ ಚಿತ್ರದುರ್ಗದ ಕಡೆಗೆ ಹೋಗುವ ಹೆದ್ದಾರಿ ಇದರ ಪಕ್ಕದಲ್ಲೇ ಹಾದುಹೋಗುತ್ತದೆ. ಎರಡು ವಸ್ತುಗಳಿಗೆ ಈ ಊರು ಹೆಸರುವಾಸಿ. ಒಂದು ನೆಲದಿಂದ ತೆಗೆಯುವ ಕೆಂಪು ಗ್ರಾನೈಟ್ ಕಲ್ಲು, ಇನ್ನೊಂದು ಮಗ್ಗದಿಂದ ಇಳಿಸುವ ಸೀರೆ. ಕಲ್ಲು ಹಡಗು ಹತ್ತಿ ಪರದೇಶಕ್ಕೆ ಹೋಗುತ್ತದೆ. ಸೀರೆಯನ್ನು ನಮ್ಮ ತಾಯಂದಿರು ಹೊಲಕ್ಕೂ ಉಟ್ಟರು, ಜಾತ್ರೆಗೂ ಉಟ್ಟರು, ಗಡಿಯಾಚೆ ಮಹಾರಾಷ್ಟ್ರದ ಹೆಂಗಸರೂ ಉಟ್ಟರು.

ಪೇಟೆಗೆ ಹೋದೊಡನೆ ಮೊದಲು ಕಂಡ ಅಂಗಡಿ ಹೊಕ್ಕೆವು. ಕ್ಷಣದಲ್ಲಿ ಐವತ್ತು ಸೀರೆ ಬಿಚ್ಚಿ ಹರಡಿದರು. ಎಲ್ಲವೂ ಇಳಕಲ್, ಎಲ್ಲವಕ್ಕೂ ಕೆಂಪು ಸೆರಗು, ಬೆಲೆಯೂ ಅಗ್ಗ. ಬೀಗತಿಯ ಮುಖದಲ್ಲಿ ‘ಇದಕ್ಕಾಗಿ ಇಷ್ಟು ದೂರ ಬಂದೆವೇ’ ಎಂಬ ಭಾವ. ಹುಡುಗಿ ಒಂದು ಸೆರಗನ್ನು ಕೈಯಲ್ಲಿ ಹಿಡಿದು, “ಆಯಿ ಸೀರಿ ಹಿಂಗ ಇಲ್ಲ” ಎಂದಳು. ಹೇಗೆ ಬೇರೆ ಎಂದು ಕೇಳಿದರೆ ಅವಳಿಗೂ ಹೇಳಲು ಬರಲಿಲ್ಲ. ಪರಿಚಯದವರೊಬ್ಬರು ಕೊಟ್ಟ ಗುರುತು ಹಿಡಿದು ನೇಕಾರರ ಓಣಿಗೆ ನಡೆದೆವು. ಉತ್ತರ ಸಿಕ್ಕಿದ್ದು ಅಲ್ಲಿ.

ಕೊಂಡಿ ಎಂಬ ಗುಟ್ಟು

ಓಣಿ ತಿರುಗಿದೊಡನೆ ಟಕ್-ಟಕ್ ಸದ್ದು ಕೇಳಿಸಿತು. ನಾವು ಹೋದ ಮನೆಯ ಪಡಸಾಲೆಯಲ್ಲೇ ಕುಣಿ ಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಮನೆಯ ಯಜಮಾನರು ನೇಯುತ್ತಿದ್ದರು. ಪಕ್ಕದಲ್ಲಿ ಅವರ ಹೆಂಡತಿ ರಾಟಿ ತಿರುಗಿಸಿ ಲಾಳಿಗೆ ಬೇಕಾದ ಕಂಡಿಕೆ ಸುತ್ತುತ್ತಿದ್ದರು. ನೀರು ಕೊಟ್ಟು, ಚಾಪೆ ಹಾಸಿ, ಬಂದ ಕೆಲಸ ಕೇಳಿದ ಮೇಲೆ ಆ ತಾಯಿ ಹೇಳಿದ್ದನ್ನು ನನ್ನ ಓದುಗ ಸೋದರಿಯರಿಗೆ ಬಿಡಿಸಿ ಹೇಳುತ್ತೇನೆ. ಸೀರೆ ಕೊಳ್ಳುವಾಗ ಇದು ನಿಮಗೂ ಉಪಯೋಗಕ್ಕೆ ಬರುತ್ತದೆ.

ಬಟ್ಟೆಗೆ ಹಾಸು, ಹೊಕ್ಕು ಎಂದು ಎರಡು. ಉದ್ದಕ್ಕೆ ಹೋಗುವ ಎಳೆ ಹಾಸು, ಅಡ್ಡ ಹಾಯುವ ಎಳೆ ಹೊಕ್ಕು. ಸಾಮಾನ್ಯ ಸೀರೆಗೆ ಉದ್ದನೆಯ ಹಾಸು ಏರಿಸಿ, ಒಂದರ ಹಿಂದೊಂದು ಹಲವು ಸೀರೆ ನೇಯ್ದು, ಆಮೇಲೆ ಕತ್ತರಿಸುತ್ತಾರೆ. ಇಳಕಲ್ ಸೀರೆಯಲ್ಲಿ ಹಾಗಲ್ಲ. ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮೈಗೆ ಹತ್ತಿಯದೋ ರೇಷ್ಮೆಯದೋ ಬೇಕಾದ ಬಣ್ಣದ ಎಳೆ, ಸೆರಗಿಗೆ ಕೆಂಪು ರೇಷ್ಮೆ ಎಳೆ. ಮೈಯ ಒಂದೊಂದು ಎಳೆಯ ಕುಣಿಕೆಯಲ್ಲಿ ಸೆರಗಿನ ಒಂದೊಂದು ಎಳೆಯ ಕುಣಿಕೆ ತೂರಿಸಿ, ಎರಡು ಕಿರುಬೆರಳು ಒಂದಕ್ಕೊಂದು ಕೊಕ್ಕೆ ಹಾಕಿದಂತೆ ಸೇರಿಸಬೇಕು. ಅದಕ್ಕೇ ಕೊಂಡಿ ಎನ್ನುತ್ತಾರೆ. ಸೀರೆಯ ಅಗಲದಲ್ಲಿರುವ ಸಾವಿರಾರು ಎಳೆಗಳಿಗೂ ಹೀಗೇ, ಒಂದನ್ನೂ ಬಿಡದೆ ಕೊಂಡಿ ಹಾಕಬೇಕು.

ಆದ್ದರಿಂದ ಒಂದು ಸೀರೆಗೆ ಒಂದೇ ಹಾಸು. ಅದು ಮುಗಿದರೆ ಮುಂದಿನ ಸೀರೆಗೆ ಮತ್ತೆ ಮೊದಲಿನಿಂದ ಹಾಸು ಹೂಡಬೇಕು, ಮತ್ತೆ ಕೊಂಡಿ ಹಾಕಬೇಕು. ನಿಮ್ಮ ಹುಡುಗಿ ಉಡುವ ಸೀರೆಯ ಹಾಸನ್ನು ಅವಳೊಬ್ಬಳಿಗಾಗಿಯೇ ಹೂಡಿರುತ್ತಾರೆ ಎಂದಾಯಿತು.

“ಕೊಂಡಿ ಹಾಕೂದು ಈ ಮನ್ಯಾಗ ನನ್ನ ಕೆಲಸರಿ. ಕಣ್ಣು ಇರೂತನಕ ನಡೀತೈತಿ,” ಎಂದರು ಆ ತಾಯಿ. ಬೀಗತಿಗೆ ಕುತೂಹಲ ತಡೆಯಲಿಲ್ಲ. ಕೂತು ತಾವೂ ಎಳೆ ಹಿಡಿದರು. ನಾಲ್ಕನೆಯ ಎಳೆಗೇ ಕೈಬಿಟ್ಟು, “ನಾ ರೊಟ್ಟಿ ಬಡಿಯೋಕಿ ನಮ್ಮವ್ವಾ, ಇದು ನನ್ನ ಕೈಲಿ ಆಗೂದಲ್ಲ” ಎಂದು ನಕ್ಕರು. ಆ ದಿನ ಅವರು ನಕ್ಕಿದ್ದು ಅದೇ ಮೊದಲು.

ಸೆರಗಿನ ಮೇಲೆ ಜೋಳದ ತೆನೆ

ಆಮೇಲೆ ಸೀರೆ ತೋರಿಸತೊಡಗಿದರು. ಇಳಕಲ್ ಸೆರಗಿನಲ್ಲಿ ದಟ್ಟ ಕೆಂಪು ಪಟ್ಟೆ ಮೂರು, ನಡುನಡುವೆ ಬಿಳಿಯ ಕೆಲಸ. ಆ ಬಿಳಿಯ ಕೆಲಸಕ್ಕೆ ತೋಪು ತೆನೆ ಎಂದು ಹೆಸರು. ನಮ್ಮ ಜೋಳದ ತೆನೆಯೇ ಸೆರಗಿನ ಮೇಲೆ ಬಂದು ಕೂತಿದೆ. ತಲೆ ಬಾಚುವ ಹಣಿಗೆಯ ಹಲ್ಲಿನಂತಹ ಸಾಲು, ಕೋಟೆಯ ತೆನೆಯಂತಹ ಸಾಲು ಕೂಡ ಉಂಟು. ದಡಿಗಳಲ್ಲಿ ಗೋಮಿ, ಚಿಕ್ಕಿ, ಗಾಡಿ, ಪರಾಸ್ ಎಂದು ಬಗೆಬಗೆ. ಮೈ ಎಲ್ಲವೂ ಹತ್ತಿಯದಾದರೆ ಬೆಲೆ ಕಡಿಮೆ. ಹತ್ತಿ-ರೇಷ್ಮೆ ಬೆರಕೆಯಾದರೆ ಅದಕ್ಕಿಂತ ಹೆಚ್ಚು. ಅಪ್ಪಟ ರೇಷ್ಮೆಯಾದರೆ ಎಲ್ಲಕ್ಕಿಂತ ಹೆಚ್ಚು. ಚಮಕ ಎನ್ನುವುದು ಕೃತಕ ರೇಷ್ಮೆ. ನೋಡಲು ಮಿಂಚುತ್ತದೆ, ಬೆಲೆ ಅಗ್ಗ. ಅದನ್ನು ಚಮಕ ಎಂದೇ ಹೇಳಿ ಮಾರಿದರೆ ತಪ್ಪೇನಿಲ್ಲ. ರೇಷ್ಮೆ ಎಂದು ಮಾರಿದರೆ ಮೋಸ.

ಹುಡುಗಿಯ ಕಣ್ಣು ಮೊದಲು ಬಿದ್ದದ್ದು ಕಪ್ಪು ಸೀರೆಯ ಮೇಲೆ. ಅಕ್ಕ ಗಾಬರಿಯಾಗಿ, “ಕರೇದು! ಲಗ್ನಕ್ಕ?” ಎಂದಳು. ಆ ತಾಯಿ ನಕ್ಕು, ಹಿಂದಿನ ಕಾಲದಲ್ಲಿ ಮದುವಣಗಿತ್ತಿಗೆ ಕೊಡುವ ಸೀರೆಗಳಲ್ಲಿ ಚಂದ್ರಕಾಳಿ ಎಂಬ ಕಪ್ಪು ಸೀರೆ ಒಂದು ಇರುತ್ತಿತ್ತು, ಅದರ ಮೇಲೆ ಕಸೂತಿ ಹಾಕುತ್ತಿದ್ದರು ಎಂದು ನೆನಪಿಸಿದರು. ಕಸೂತಿ ನಮ್ಮ ಧಾರವಾಡ ಸೀಮೆಯ ಹೆಣ್ಣುಮಕ್ಕಳ ವಿದ್ಯೆ. ಗವಂತಿ, ಮುರಗಿ, ನೇಯ್ಗಿ, ಮೆಂತ್ಯೆ ಎಂದು ನಾಲ್ಕು ಬಗೆಯ ಹೊಲಿಗೆ. ಬಟ್ಟೆಯ ಮೇಲೆ ಗೆರೆ ಎಳೆಯದೆ, ಎಳೆ ಎಣಿಸಿ ಎಣಿಸಿ ತುಳಸಿಕಟ್ಟೆ, ಗೋಪುರ, ತೇರು, ಆನೆ ಮೂಡಿಸುತ್ತಾರೆ. ಆ ಕಪ್ಪು ಸೀರೆಯನ್ನು ನನ್ನ ಲೆಕ್ಕದಲ್ಲಿ ತೆಗೆದಿಡಿಸಿದೆ. ಅಕ್ಕಿಕಾಳಿಗಲ್ಲದಿದ್ದರೆ ಬೇಡ, ಮುಂದೆ ಸಂಕ್ರಮಣಕ್ಕೆ ಉಡಲಿ.

ಅಕ್ಕಿಕಾಳಿನ ಸೀರೆಗೆ ಬೀಗತಿಯ ಮನಸ್ಸು ಹಸಿರಿನ ಮೇಲಿತ್ತು. ಹುಡುಗಿ ಆರಿಸಿದ್ದು ಗಿರಿಕುಂಕುಮ. ಕಡುಗೆಂಪಾದ ಈ ಬಣ್ಣಕ್ಕೂ ಮದುವೆಗೂ ಹಳೆಯ ನಂಟು. ಬೀಗತಿ ಸ್ವಲ್ಪ ಯೋಚಿಸಿ ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು: “ಅಪ್ಪಟ ರೇಷ್ಮಿ ಇರಬೇಕು. ನಮ್ಮ ಮನಿ ಸೊಸಿ ಕಡಿಮಿ ಸೀರಿ ಉಟ್ಲು ಅನ್ನಬಾರದು.” ಅದು ನ್ಯಾಯವೇ. ಎಲ್ಲರೂ ತಲೆದೂಗಿದೆವು. ಅಪ್ಪಟ ರೇಷ್ಮೆಯಾದರೂ, ಅವರು ಹುಬ್ಬಳ್ಳಿಯಲ್ಲಿ ಕೇಳಿಬಂದ ಕಂಚಿ ಸೀರೆಯ ಬೆಲೆಯ ಅರ್ಧಕ್ಕೂ ಬರಲಿಲ್ಲ.

ಕೊಂಡಿಗೆ ಚೌಕಾಸಿಯೇ?

ಬೆಲೆ ಹೇಳಿದ ಮೇಲೆ ನಮ್ಮ ಹೆಂಗಸರ ಸ್ವಭಾವ ನಿಮಗೆ ಗೊತ್ತಲ್ಲ. ಬೀಗತಿ, “ಐನೂರು ಬಿಡ್ರಿ” ಎಂದು ಶುರುಮಾಡಿದರು. ಯಜಮಾನರು ಲಾಳಿ ನಿಲ್ಲಿಸಿ ಸುಮ್ಮನೆ ಕೂತರು. ಆಗ ಹುಡುಗಿ ಮೆಲ್ಲಗೆ, “ಅತ್ತಿ, ನಾಕು ಎಳಿಗೆ ನಮ್ಮ ಕೈ ಸೋತ್ವು. ಕೊಂಡಿಗೆ ಚೌಕಾಸಿ ಬ್ಯಾಡ್ರಿ” ಎಂದುಬಿಟ್ಟಳು.

ಪಡಸಾಲೆಯಲ್ಲಿ ಮಾತೇ ನಿಂತಿತು. ಇನ್ನೂ ಅಕ್ಕಿಕಾಳು ಬಿದ್ದಿಲ್ಲ, ಆಗಲೇ ಅತ್ತೆಗೆ ಎದುರು ಮಾತು! ಅಕ್ಕನ ಮುಖ ಬಿಳಿಚಿತು. ನನಗೂ ಎದೆ ಹೊಡೆದುಕೊಂಡಿತು. ಬೀಗತಿ ಹುಡುಗಿಯನ್ನೇ ನೋಡಿದರು, ಮಗ್ಗವನ್ನು ನೋಡಿದರು. ಆಮೇಲೆ ಚೀಲದ ಬಾಯಿ ಬಿಚ್ಚುತ್ತ, “ಆತವಾ, ನಿನ್ನ ಮಾತು ಖರೇ ಐತಿ. ನಮ್ಮ ಮನ್ಯಾಗೂ ಹಿಂಗ ಖರೇ ಮಾತಾಡು,” ಎಂದರು. ಸಂಚಕಾರ ಎಣಿಸಿ ಆ ತಾಯಿಯ ಕೈಗೇ ಕೊಟ್ಟರು.

ಚಹಾ ಕುಡಿಯುವಾಗ ಅಕ್ಕ ಲೋಕಾಭಿರಾಮವಾಗಿ, “ನಿಮ್ಮ ಮಗಳಿಗೆ ಲಗ್ನದಾಗ ನೀವs ನೇಯ್ದಿರೇನ್ರಿ?” ಎಂದು ಕೇಳಿದಳು. ಆ ತಾಯಿ ಸ್ವಲ್ಪ ಹೊತ್ತು ರಾಟಿಯನ್ನೇ ನೋಡಿ, “ಇಲ್ರಿ. ಅಕಿ ಅಂಗಡಿ ಸೀರಿ ಬೇಕಂದ್ಲು. ಈ ಸೀರಿ ನೋಡಿದ್ರ ಬರೇ ಕೆಲಸ ನೆನಪಾಗತೈತಿ ಅಂದ್ಲು,” ಎಂದರು. ಮಗ ಬೆಂಗಳೂರಿಗೆ ಹೋಗಿದ್ದಾನೆ, ಮಗ್ಗದ ಮೇಲೆ ಕೂರುವವರು ಇನ್ನು ಯಜಮಾನರೊಬ್ಬರೇ. ಮಗ್ಗದ ಕೂಲಿ ಲೆಕ್ಕ ಹಾಕುವಾಗ ನೇಯುವವನ ಕೈ ಕಾಣುತ್ತದೆ. ಕಂಡಿಕೆ ಸುತ್ತುವ, ಕೊಂಡಿ ಹಾಕುವ ಹೆಂಗಸಿನ ಕೈ ಎಷ್ಟೋ ಮನೆಗಳಲ್ಲಿ ಲೆಕ್ಕಕ್ಕೇ ಬರುವುದಿಲ್ಲ, ಅಡಿಗೆಯಂತೆ, ಕಸಮುಸುರೆಯಂತೆ. ಸೀರೆಗೆ ಹಣ ಕೊಡುವಾಗ ನಾವು ಹೆಂಗಸರಾದರೂ ಅದನ್ನು ನೆನೆಯಬೇಕು.

ಬಿಡುವಾಗ ಯಜಮಾನರು, ಹಾಸು ಹೂಡಿ ಕೊಂಡಿ ಹಾಕಲು ಇಷ್ಟು ದಿನ, ನೇಯಲು ಒಂದು ವಾರದ ಮೇಲೆ ಎಂದು ಲೆಕ್ಕ ಹೇಳಿ ಒಂದು ತಿಂಗಳ ಗಡುವು ಕೇಳಿದರು. ಲಗ್ನ ಮಾಘದಲ್ಲಿ. ಅಕ್ಕನಿಗೆ ಅಲ್ಲಿಂದ ಸೀರೆ ಕೈಸೇರುವವರೆಗೂ ಆತಂಕವೇ. ನಡುವೆ ಒಂದು ದಿನ ಹುಡುಗಿಯ ಮೊಬೈಲಿಗೆ ಒಂದು ಚಿತ್ರ ಬಂತು: ಗಿರಿಕುಂಕುಮದ ಎಳೆ ಒಂದು ಕಡೆ, ಸೆರಗಿನ ಕೆಂಪು ಎಳೆ ಇನ್ನೊಂದು ಕಡೆ, ನಡುವೆ ಒಂದು ಹೆಣ್ಣಿನ ಎರಡು ಬೆರಳು.

ಗುಳೇದಗುಡ್ಡದ ಖಣ

ಸೀರೆಯಾದ ಮೇಲೆ ಕುಪ್ಪಸ ಬೇಡವೇ? ಅದಕ್ಕೆ ಇದೇ ಜಿಲ್ಲೆಯ ಗುಳೇದಗುಡ್ಡವಿದೆ. ಬಾದಾಮಿಯ ದಾರಿಯ ಈ ಊರು ಖಣಕ್ಕೆ ಪ್ರಸಿದ್ಧ. ಅಗಲ ಕಡಿಮೆ, ಎರಡೂ ಕಡೆ ದಡಿ, ಮೈತುಂಬ ಚಿಕ್ಕ ಚಿಕ್ಕ ನೇಯ್ಗೆ. ತೇರು, ಸೂಜಿಮಲ್ಲಿಗೆ, ತುಳಸಿ, ಆನೆಹೆಜ್ಜೆ ಎಂದು ಅವಕ್ಕೆ ಚೆಂದದ ಹೆಸರುಗಳು. ನಮ್ಮಲ್ಲಿ ಖಣವಿಲ್ಲದೆ ಉಡಿ ತುಂಬುವುದುಂಟೇ? ಅಕ್ಕಿ, ಕೊಬ್ಬರಿ, ಅರಿಷಿಣ, ಕುಂಕುಮ, ಎಲೆ, ಅಡಿಕೆಯ ಜೊತೆ ಖಣ ಬಂದರೇ ಉಡಿ ತುಂಬಿದಂತೆ. ಆಹೇರಿಗೆ ಬೇಕಾದ ಖಣಗಳನ್ನೆಲ್ಲ ಅಲ್ಲಿಯೇ ಕೊಂಡೆವು. ಯಾರಿಗೂ ಹೆಚ್ಚು-ಕಡಿಮೆ ಎಂಬ ಮಾತಿಲ್ಲ, ಎಲ್ಲರಿಗೂ ಒಂದೇ ಬೆಲೆಯದು. ಸೋದರತ್ತೆಯ ಮುಖ ಬಾಡಲು ಅವಕಾಶವೇ ಸಿಗಲಿಲ್ಲ!

ಸೀರೆ ಲಗ್ನಕ್ಕೆ ಹನ್ನೆರಡು ದಿನ ಮೊದಲು ಬಂತು. ಅಕ್ಕಿಕಾಳಿನ ಹೊತ್ತಿಗೆ ಹುಡುಗಿ ಆ ಸೀರೆಯುಟ್ಟು ಹಂದರಕ್ಕೆ ಬಂದಾಗ, ಮಂದಿ ಏನಂದಾರು ಎಂದಿದ್ದ ಸೋದರತ್ತೆಯೇ ಪಕ್ಕದವರಿಗೆ ಸೆರಗಿನ ಕೊಂಡಿ ತೋರಿಸಿ ವಿವರಿಸುತ್ತಿದ್ದರು.

ನೀವು ಹೋಗುವುದಾದರೆ

ಕನಿಷ್ಠ ಎರಡು ತಿಂಗಳು ಮೊದಲೇ ಹೋಗಿ. ಹಾಸು ಹೂಡಿಸಿ ನೇಯಿಸುವ ಸೀರೆಗೆ ಅವಸರ ಸಲ್ಲದು. ರೈಲಿನಲ್ಲಿ ಬರುವವರು ಬಾಗಲಕೋಟೆಗೆ ಬಂದು ಅಲ್ಲಿಂದ ಬಸ್ಸು ಹಿಡಿಯಬಹುದು. ಒಂದು ದಿನ ಹೆಚ್ಚು ಇಟ್ಟುಕೊಂಡರೆ ಕೃಷ್ಣೆ-ಮಲಪ್ರಭೆ ಕೂಡುವ ಕೂಡಲಸಂಗಮವನ್ನೂ, ಐಹೊಳೆಯ ಗುಡಿಗಳನ್ನೂ ನೋಡಿ ಬರಬಹುದು.

ಮಗ್ಗದ ಸೀರೆಯ ಗುರುತು ಹಿಡಿಯಲು ಸೆರಗಿನ ತುದಿಯ ದಶಿ ನೋಡಿ. ಕೊಂಡಿ ಹಾಕಿದ ಸೀರೆಯಲ್ಲಿ ದಶಿ ಸೆರಗಿನದೇ ಕೆಂಪು ಎಳೆಯದಾಗಿರುತ್ತದೆ. ಮೈಯ ಬಣ್ಣದ ಎಳೆಯೇ ಸೆರಗಿನ ತುದಿಯವರೆಗೆ ಬಂದಿದ್ದರೆ ಅಲ್ಲಿ ಕೊಂಡಿ ಇಲ್ಲ. ಮೈಯೂ ಕೆಂಪಾಗಿದ್ದರೆ ದಶಿಯಿಂದ ತಿಳಿಯುವುದು ಕಷ್ಟ. ಆಗ ಸೆರಗು ಶುರುವಾಗುವ ಕಡೆ ಬೆರಳಾಡಿಸಿ. ಅಡ್ಡಕ್ಕೆ ಸಣ್ಣ ಗೆರೆಯಂತೆ ಕೊಂಡಿಯ ಸಾಲು ತಾಗಬೇಕು. ಪೇಟೆಯಲ್ಲಿ ನಾವು ಮೊದಲು ನೋಡಿದ ಸೀರೆಗಳಲ್ಲಿ ಈ ಸಾಲು ಇರಲಿಲ್ಲ. ಹುಡುಗಿಯ ಕೈಗೆ ತಿಳಿದದ್ದು, ಬಾಯಿಗೆ ಬಾರದೆ ಹೋದದ್ದು ಅದೇ.

ಕೆಲವು ಬಗೆಯ ಸೀರೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾನೂನು 1985ರಲ್ಲೇ ಬಂದಿದೆ. ಕೈಮಗ್ಗದ ಬಟ್ಟೆಗೆ ಹ್ಯಾಂಡ್‌ಲೂಮ್ ಮಾರ್ಕ್ 2006ರಲ್ಲಿ, ಅಪ್ಪಟ ರೇಷ್ಮೆಗೆ ಸಿಲ್ಕ್ ಮಾರ್ಕ್ 2004ರಲ್ಲಿ ಶುರುವಾದವು. ಅಂಗಡಿಯಲ್ಲಿ ಕೊಳ್ಳುವಾಗ ಈ ಗುರುತು ಕೇಳಿ, ರಸೀದಿ ಪಡೆಯಿರಿ. ರೇಷ್ಮೆಯ ಬಗ್ಗೆ ಅನುಮಾನವಿದ್ದರೆ ಒಂದೆರಡು ಎಳೆ ಕೇಳಿ ಪಡೆದು ಸುಟ್ಟು ನೋಡಿ. ಅಪ್ಪಟ ರೇಷ್ಮೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಚಮಕ ಕಾಗದ ಸುಟ್ಟ ವಾಸನೆ ಕೊಡುತ್ತದೆ.

ಸೆರಗಿನ ಕೆಂಪು ಬಣ್ಣ ಮೊದಮೊದಲು ಬಿಡಬಹುದು. ಹತ್ತಿಯ ಸೀರೆಯಾದರೆ ಬೇರೆ ಬಟ್ಟೆಯ ಜೊತೆ ಹಾಕದೆ ತಣ್ಣೀರಿನಲ್ಲಿ ಬೇಗ ಜಾಲಿಸಿ ತೆಗೆದು ನೆರಳಿನಲ್ಲಿ ಒಣಗಿಸಿ. ರೇಷ್ಮೆಯದನ್ನು ಡ್ರೈಕ್ಲೀನಿಂಗಿಗೆ ಕೊಡಿ. ಹಳೆಯ ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಮೂರು-ನಾಲ್ಕು ತಿಂಗಳಿಗೊಮ್ಮೆ ಬಿಚ್ಚಿ ಗಾಳಿಗೆ ಹಾಕಿ, ಮಡಿಕೆ ಬದಲಿಸಿ ಮತ್ತೆ ಮಡಿಸಿ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇಟ್ಟರೆ ರೇಷ್ಮೆ ಅಲ್ಲಿಯೇ ಸೀಳುತ್ತದೆ.

ಇನ್ನೊಂದು ಮಾತು. ಬಸ್ತಾಕ್ಕೆ ಹೊರಡುವ ಗಾಡಿಯಲ್ಲಿ ಮದುವಣಗಿತ್ತಿಗೆ ಒಂದು ಜಾಗ ಇರಲಿ. ಆಕೆಯ ಅತ್ತೆಯಾಗುವವರನ್ನೂ ಕರೆದುಕೊಂಡು ಹೋಗಿ, ಮಗ್ಗದ ಮುಂದೆ ಇಬ್ಬರನ್ನೂ ಕೂಡಿಸಿ. ಒಂದೇ ಮನೆಯಲ್ಲಿ ಬಾಳಬೇಕಾದ ಇಬ್ಬರು ಹೆಂಗಸರು ಲಗ್ನಕ್ಕೆ ಮೊದಲೇ ಒಬ್ಬರ ಮನಸ್ಸು ಒಬ್ಬರು ಅರಿತರೆ, ಬಸ್ತಾದಲ್ಲಿ ಅದಕ್ಕಿಂತ ದೊಡ್ಡ ಲಾಭ ಇನ್ನೇನಿದೆ?